ಓದಿನ ಜೊತೆಗೆ ಮೊದಲ ಸಿಎನ್‌ಎ ಕೆಲಸ: ನರ್ಸಿಂಗ್ ಹೋಮ್, ಆಸ್ಪತ್ರೆ, ಮನೆ ಆರೈಕೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಅಮೆರಿಕದಲ್ಲಿ ನರ್ಸಿಂಗ್ ಓದುತ್ತಿರುವವರು, ಅಥವಾ ಆ ಓದಿಗೆ ಬೇಕಾದ ಅಂಗರಚನಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರದಂತಹ ಪೂರ್ವಸಿದ್ಧತೆಯ ಕೋರ್ಸುಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸುತ್ತಿರುವವರು, ಜೊತೆಜೊತೆಗೆ ರೋಗಿಗಳ ದಿನನಿತ್ಯದ ಆರೈಕೆಯಲ್ಲಿ ನೆರವಾಗುವ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ ಆಗಿ, ಅಂದರೆ ಸಿಎನ್‌ಎ ಆಗಿ ದುಡಿಯುವುದು ಅಲ್ಲಿ ಸಾಮಾನ್ಯ ಸಂಗತಿ. ಈ ಕೆಲಸಕ್ಕೆ ಜನ ಸಾಲದಿರುವುದರಿಂದ ಪ್ರಮಾಣಪತ್ರ ಕೈಗೆ ಬಂದವರಿಗೆ ಎಲ್ಲಾದರೂ ಒಂದು ಕಡೆ ಕೆಲಸ ಸಿಕ್ಕೇ ಸಿಗುತ್ತದೆ. ಕಷ್ಟವಿರುವುದು ಎಲ್ಲಿ ಸೇರಬೇಕೆಂದು ತೀರ್ಮಾನಿಸುವುದರಲ್ಲಿ. ಮೊದಲ ಕೆಲಸದ ಸ್ಥಳ ಚೆನ್ನಾಗಿದ್ದರೆ ಪಠ್ಯಪುಸ್ತಕದಲ್ಲಿ ಓದಿದ ಪ್ರತಿ ಅಧ್ಯಾಯಕ್ಕೂ ಒಬ್ಬ ಮನುಷ್ಯನ ಮುಖ ನೆನಪಾಗುತ್ತದೆ. ಕೆಟ್ಟದಾಗಿದ್ದರೆ ಬೆನ್ನು ನೋವು, ನಿದ್ದೆಗೇಡಿತನ, ಕುಸಿದ ಅಂಕಗಳ ನಡುವೆ ಈ ವೃತ್ತಿಯೇ ಬೇಡವೆನಿಸುವ ಮಟ್ಟಕ್ಕೆ ಒಳ್ಳೆಯ ವಿದ್ಯಾರ್ಥಿಗಳೂ ಬಂದು ಮುಟ್ಟುತ್ತಾರೆ.

ಹೆಚ್ಚಿನವರು ಮೊದಲು ನೋಡುವುದು ಗಂಟೆಯ ಸಂಬಳವನ್ನು. ಅದು ತಪ್ಪೇನಲ್ಲ, ಫೀಸು ಕಟ್ಟಬೇಕಾದವರು ಹಣವನ್ನು ನೋಡಲೇಬೇಕು. ಆದರೆ ಸಂಬಳಕ್ಕಿಂತ ಮುಂಚೆ ಮೂರು ವಿಷಯಗಳನ್ನು ವಿಚಾರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ: ಒಂದು ಪಾಳಿಯಲ್ಲಿ ಒಬ್ಬ ಸಿಎನ್‌ಎ ಎಷ್ಟು ಜನರನ್ನು ನೋಡಿಕೊಳ್ಳಬೇಕು, ಹೊಸಬರ ಜೊತೆಗಿದ್ದು ಎಷ್ಟು ಪಾಳಿಗಳ ಕಾಲ ಕೆಲಸ ಕಲಿಸುತ್ತಾರೆ, ಮತ್ತು ಕಾಲೇಜಿನ ವೇಳಾಪಟ್ಟಿ ಬದಲಾದಾಗ ಕೆಲಸದ ವೇಳಾಪಟ್ಟಿಯೂ ಬದಲಾಗುತ್ತದೆಯೇ. ಆಸ್ಪತ್ರೆಯೋ ನರ್ಸಿಂಗ್ ಹೋಮೋ ಎಂಬ ಪ್ರಶ್ನೆ ಇವುಗಳ ನಂತರದ್ದು. ಕೆಟ್ಟ ಆಸ್ಪತ್ರೆಯ ವಾರ್ಡಿಗಿಂತ ಒಳ್ಳೆಯ ನರ್ಸಿಂಗ್ ಹೋಮಿನ ಮಹಡಿ ಯಾವಾಗಲೂ ಮೇಲು.

ಹೋಲಿಕೆಗೆ ಇಳಿಯುವ ಮುನ್ನ ಕಾನೂನಿನ ಕೆಲವು ಅಂಶಗಳನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಆಯ್ಕೆಯ ಮೇಲೆ ಅವು ನೇರವಾಗಿ ಪರಿಣಾಮ ಬೀರುತ್ತವೆ. ಈ ಹುದ್ದೆಯ ತರಬೇತಿಗೆ ತಳಹದಿ ಹಾಕಿದ್ದು 1987ರ ಒಮ್ನಿಬಸ್ ಬಜೆಟ್ ರಿಕನ್ಸಿಲಿಯೇಷನ್ ಆ್ಯಕ್ಟ್ ಎಂಬ ಫೆಡರಲ್ ಕಾನೂನು. ಅದರ ಪ್ರಕಾರ ಕನಿಷ್ಠ 75 ಗಂಟೆಗಳ ತರಬೇತಿ ಆಗಬೇಕು, ಅದರಲ್ಲಿ 16 ಗಂಟೆಗಳಾದರೂ ಮೇಲ್ವಿಚಾರಣೆಯಲ್ಲಿ ನಡೆಯುವ ಪ್ರಾಯೋಗಿಕ ಕಲಿಕೆಯಾಗಿರಬೇಕು. ಆಮೇಲೆ ಅರ್ಹತಾ ಪರೀಕ್ಷೆ, ರಾಜ್ಯದ ರಿಜಿಸ್ಟ್ರಿಯಲ್ಲಿ ಹೆಸರು. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಗಂಟೆ ಕೇಳುತ್ತವೆ. ನರ್ಸಿಂಗ್ ಕಾಲೇಜಿನ ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ ಪ್ರತ್ಯೇಕ ತರಬೇತಿಯಿಲ್ಲದೆ ನೇರವಾಗಿ ಪರೀಕ್ಷೆಗೆ ಕೂರಲು ಅವಕಾಶ ಕೊಡುವ ರಾಜ್ಯಗಳೂ ಇವೆ. ಮುಖ್ಯವಾಗಿ ವೃದ್ಧರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಅಥವಾ ಕಡಿಮೆ ಆದಾಯದವರಿಗಿರುವ ಮೆಡಿಕೇಡ್‌ನಿಂದ ಹಣ ಪಡೆಯುವ ನರ್ಸಿಂಗ್ ಹೋಮೊಂದರಲ್ಲಿ ಈಗಾಗಲೇ ಕೆಲಸದಲ್ಲಿರುವವರಿಂದ, ಅಥವಾ ತರಬೇತಿ ಆರಂಭವಾಗುವ ದಿನ ಅಲ್ಲಿ ಕೆಲಸ ಕೊಡುವ ಭರವಸೆ ಪಡೆದವರಿಂದ, ತರಬೇತಿ ಶುಲ್ಕ ವಸೂಲು ಮಾಡುವಂತಿಲ್ಲ. ಸ್ವಂತ ಹಣ ಕಟ್ಟಿ ತರಬೇತಿ ಪಡೆದವರು ಅದು ಮುಗಿದ 12 ತಿಂಗಳೊಳಗೆ ಅಂತಹ ನರ್ಸಿಂಗ್ ಹೋಮಿಗೆ ಸೇರಿದರೆ ಆ ಖರ್ಚನ್ನು ಮರಳಿ ಕೊಡುವ ವ್ಯವಸ್ಥೆಯನ್ನು ರಾಜ್ಯ ಮಾಡಬೇಕು. ಈ ನಿಯಮ ಆಸ್ಪತ್ರೆಗೆ ಸೇರಿದವರಿಗೆ ಅನ್ವಯಿಸುವುದಿಲ್ಲ. ತರಬೇತಿಗೆ ಸಾಲ ಮಾಡಿದ ವಿದ್ಯಾರ್ಥಿಗೆ ಇದು ಸಣ್ಣ ವ್ಯತ್ಯಾಸವಲ್ಲ, ಆದರೂ ಕೇಳದ ಹೊರತು ಇದನ್ನು ಯಾರೂ ಹೇಳದಿರುವುದೇ ಹೆಚ್ಚು.

ವೀಸಾದ ಮೇಲೆ ಬಂದವರಿಗೆ ಇನ್ನೊಂದು ಎಚ್ಚರಿಕೆ. ಎಫ್-1 ವೀಸಾದಲ್ಲಿ ಓದುವವರು ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಕ್ಯಾಂಪಸ್ಸಿನ ಹೊರಗಿನ ನರ್ಸಿಂಗ್ ಹೋಮಿನಲ್ಲಿ ಪ್ರತ್ಯೇಕ ಅನುಮತಿಯಿಲ್ಲದೆ ಒಂದೇ ಒಂದು ಪಾಳಿ ಮಾಡಿದರೂ ವೀಸಾ ಸ್ಥಿತಿಗೆ ಧಕ್ಕೆಯಾಗುತ್ತದೆ. ಎಚ್-4ರಲ್ಲಿರುವವರಿಗೆ, ಅಂದರೆ ಎಚ್-1ಬಿಯಂತಹ ಕೆಲಸದ ವೀಸಾದವರ ಕುಟುಂಬದವರಿಗೆ, ಕೆಲಸದ ಅನುಮತಿಯ ಕಾರ್ಡ್, ಅಂದರೆ ಇಎಡಿ, ಇರಲೇಬೇಕು. ಪ್ರೌಢಶಾಲೆಯಲ್ಲಿ ಓದುತ್ತಲೇ ಸಿಎನ್‌ಎ ಆಗುವ 16–17ರ ವಯಸ್ಸಿನವರು, ರೋಗಿಗಳನ್ನು ಎತ್ತುವ ಯಾಂತ್ರಿಕ ಲಿಫ್ಟನ್ನು ಒಬ್ಬರೇ ನಡೆಸುವುದನ್ನು ಬಾಲಕಾರ್ಮಿಕ ನಿಯಮಗಳು ತಡೆಯುತ್ತವೆ. ತರಬೇತಿ ಪಡೆದ ವಯಸ್ಕರೊಬ್ಬರು ಜೊತೆಗಿರಬೇಕು. ಈ ವಯಸ್ಸಿನವರನ್ನು ಒಂಟಿಯಾಗಿ ಬಿಡುವ ಕಡೆ ಸೇರಲೇಬಾರದು.

ನರ್ಸಿಂಗ್ ಹೋಮ್

ಇಲ್ಲಿ ಹೇಳುತ್ತಿರುವುದು ಸ್ವಂತವಾಗಿ ಬದುಕಲಾಗದ ವೃದ್ಧರು ವರ್ಷಗಟ್ಟಲೆ ನೆಲೆಸುವ, ಶಸ್ತ್ರಚಿಕಿತ್ಸೆಯಾದವರು ಕೆಲವು ವಾರ ಚೇತರಿಸಿಕೊಳ್ಳಲು ಬರುವ ದೀರ್ಘಾವಧಿ ಆರೈಕೆ ಕೇಂದ್ರವನ್ನು. ಏನೂ ಅನುಭವವಿಲ್ಲದವರನ್ನು ತೆಗೆದುಕೊಳ್ಳಲು ಅತಿ ಹೆಚ್ಚು ಸಿದ್ಧವಿರುವುದು ಇವೇ. ಬೆಳಗ್ಗೆ 7ರಿಂದ 3, ಮಧ್ಯಾಹ್ನ 3ರಿಂದ ರಾತ್ರಿ 11, ರಾತ್ರಿ 11ರಿಂದ ಬೆಳಗ್ಗೆ 7 – ಹೀಗೆ ಎಂಟೆಂಟು ಗಂಟೆಯ ಮೂರು ಪಾಳಿಗಳು ಸಾಮಾನ್ಯ. ಹಾಸಿಗೆಯಿಂದ ಎಬ್ಬಿಸುವುದು, ಮೈ ತೊಳೆಸುವುದು, ಬಟ್ಟೆ ತೊಡಿಸುವುದು, ಶೌಚಕ್ಕೆ ಕರೆದೊಯ್ಯುವುದು, ಊಟ ಮಾಡಿಸುವುದು, ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಇವೆಲ್ಲವನ್ನೂ ಕಂಪ್ಯೂಟರಿನಲ್ಲಿ ದಾಖಲಿಸುವುದು ದಿನದ ಕೆಲಸ.

ಮೇಲ್ನೋಟಕ್ಕೆ ಇದರಲ್ಲಿ ಕಲಿಯುವುದು ಕಡಿಮೆ ಎನ್ನಿಸಬಹುದು. ಹಾಗೆ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ನರ್ಸಿಂಗ್ ಹೋಮಿನಲ್ಲಿ ಅದೇ ಮನುಷ್ಯರನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ನೋಡಿಕೊಳ್ಳುವುದರಿಂದ ಒಬ್ಬೊಬ್ಬರ ಸಹಜ ಸ್ಥಿತಿ ಏನೆಂಬುದು ತಿಳಿದಿರುತ್ತದೆ. ಆದ್ದರಿಂದಲೇ ಬದಲಾವಣೆ ಕಣ್ಣಿಗೆ ಬೀಳುತ್ತದೆ. ನಿನ್ನೆ ತಾವೇ ಊಟ ಮಾಡಿದವರು ಇಂದು ಚಮಚ ಹಿಡಿಯಲಾಗದೆ ಗಲಿಬಿಲಿಗೊಂಡಿದ್ದಾರೆ ಎಂದರೆ ಅದು ಮೂತ್ರದ ಸೋಂಕಿನ ಮೊದಲ ಸೂಚನೆಯಾಗಿರಬಹುದು. ಹಿಮ್ಮಡಿಯ ಮೇಲೆ ಒತ್ತಿದರೂ ಮಾಯವಾಗದ ಕೆಂಪು ಕಲೆ ಒತ್ತಡದ ಹುಣ್ಣಿನ ಆರಂಭ. ಜ್ವರ ಬರುವ ಮುನ್ನ, ರಕ್ತದೊತ್ತಡ ಕುಸಿಯುವ ಮುನ್ನ, ಇದನ್ನು ಮೊದಲು ಕಾಣುವವರು ಸಿಎನ್‌ಎಗಳು. ಮುಂದೆ ನರ್ಸ್ ಆಗುವವರಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರೊಂದಿಗೆ ತಾಳ್ಮೆಯಿಂದ ಮಾತನಾಡುವುದು, ಸ್ನಾನಕ್ಕೆ ಒಲ್ಲೆನೆನ್ನುವವರ ಮಾನಕ್ಕೆ ಕುಂದು ಬಾರದಂತೆ ಒಪ್ಪಿಸುವುದು ಕೂಡ ಇಲ್ಲಿ ಕಲಿತಷ್ಟು ಗಟ್ಟಿಯಾಗಿ ಬೇರೆಲ್ಲೂ ಬರುವುದಿಲ್ಲ.

ದುರ್ಬಲ ಅಂಶ ಸಿಬ್ಬಂದಿಯ ಸಂಖ್ಯೆ. ಒಬ್ಬ ಸಿಎನ್‌ಎಗೆ ಎಷ್ಟು ನಿವಾಸಿಗಳು ಎಂಬುದು ರಾಜ್ಯದಿಂದ ರಾಜ್ಯಕ್ಕೆ, ಕೇಂದ್ರದಿಂದ ಕೇಂದ್ರಕ್ಕೆ ಬದಲಾಗುತ್ತದೆ. ಅಳೆದು ನೋಡಲು ಒಂದು ಮಾನದಂಡ ಬೇಕೆಂದರೆ 2021ರಲ್ಲಿ ಜಾರಿಗೆ ಬಂದ ನ್ಯೂಜೆರ್ಸಿಯ ಕಾನೂನನ್ನು ಇಟ್ಟುಕೊಳ್ಳಬಹುದು: ಹಗಲು ಪಾಳಿಯಲ್ಲಿ 8 ನಿವಾಸಿಗಳಿಗೆ ಒಬ್ಬ ಸಿಎನ್‌ಎ, ಸಂಜೆ 10 ಮಂದಿಗೆ ಒಬ್ಬ ಆರೈಕೆ ಸಿಬ್ಬಂದಿ, ರಾತ್ರಿ 14 ಮಂದಿಗೆ ಒಬ್ಬರು. ನಿಮ್ಮ ರಾಜ್ಯದಲ್ಲಿ ಈ ನಿಯಮ ಇಲ್ಲದಿದ್ದರೂ, ಸಂದರ್ಶನದಲ್ಲಿ ಹೇಳಿದ ಸಂಖ್ಯೆ ಇದರ ಆಸುಪಾಸಿನಲ್ಲಿದೆಯೇ ಎಂದು ನೋಡಿ. ಹಗಲಿನಲ್ಲಿ 14–15 ಮಂದಿಯನ್ನು ಒಬ್ಬರಿಗೇ ವಹಿಸುವ ಕಡೆ ಹೊಸಬರು ಕಲಿಯುವುದು ಆರೈಕೆಯನ್ನಲ್ಲ, ಅಡ್ಡದಾರಿಗಳನ್ನು. ಒಬ್ಬರೇ ಎತ್ತಬಾರದವರನ್ನು ಒಬ್ಬರೇ ಎತ್ತುವುದು, ಮಾಡದ ಕೆಲಸವನ್ನು ಮಾಡಿದೆನೆಂದು ದಾಖಲಿಸುವುದು, ಕರೆಗಂಟೆಯನ್ನು ಕೇಳಿಯೂ ಕೇಳದಂತೆ ದಾಟಿಹೋಗುವುದು – ಇವು ಒಮ್ಮೆ ಅಭ್ಯಾಸವಾದರೆ ಕಾಲೇಜು ಎಷ್ಟು ಕಲಿಸಿದರೂ ಅಳಿಸುವುದು ಕಷ್ಟ.

ಅದೃಷ್ಟವಶಾತ್ ನರ್ಸಿಂಗ್ ಹೋಮುಗಳ ಬಗ್ಗೆ ಮಾಹಿತಿ ಸಾರ್ವಜನಿಕವಾಗಿ ಸಿಗುತ್ತದೆ. ಮೆಡಿಕೇರ್‌ನ ಕೇರ್ ಕಂಪೇರ್ ಜಾಲತಾಣದಲ್ಲಿ ಪ್ರತಿ ನರ್ಸಿಂಗ್ ಹೋಮಿಗೂ ಒಂದರಿಂದ ಐದು ನಕ್ಷತ್ರಗಳ ಶ್ರೇಯಾಂಕವಿದ್ದು, ತಪಾಸಣೆ, ಸಿಬ್ಬಂದಿ, ಗುಣಮಟ್ಟ ಎಂಬ ಮೂರು ಭಾಗಗಳು ಬೇರೆಬೇರೆಯಾಗಿ ಕಾಣುತ್ತವೆ. ವಿದ್ಯಾರ್ಥಿಗಳು ಒಟ್ಟು ನಕ್ಷತ್ರಕ್ಕಿಂತ ಸಿಬ್ಬಂದಿಯ ಭಾಗವನ್ನು ತೆರೆದು ಓದಬೇಕು. ಒಬ್ಬ ನಿವಾಸಿಗೆ ದಿನಕ್ಕೆ ಎಷ್ಟು ನಿಮಿಷ ಸಿಎನ್‌ಎಗಳಂತಹ ನರ್ಸ್ ಏಡ್‌ಗಳ ಸಮಯ ದೊರೆಯುತ್ತದೆ, ವಾರಾಂತ್ಯದಲ್ಲಿ ಅದು ಎಷ್ಟು ಇಳಿಯುತ್ತದೆ, ಒಂದು ವರ್ಷದಲ್ಲಿ ಎಷ್ಟು ಪಾಲು ಸಿಬ್ಬಂದಿ ಬಿಟ್ಟುಹೋದರು ಎಂಬುದು ಅಲ್ಲಿದೆ. ಈ ಅಂಕಿಗಳು ವೇತನ ದಾಖಲೆಗಳಿಂದ ಬರುವುದರಿಂದ ಸಂದರ್ಶನ ನಡೆಸುವವರ ಮಾತಿಗಿಂತ ನಂಬಲರ್ಹ. ವಿದ್ಯಾರ್ಥಿಗಳು ಹೆಚ್ಚಾಗಿ ವಾರಾಂತ್ಯದಲ್ಲೇ ದುಡಿಯುವುದರಿಂದ ವಾರಾಂತ್ಯದ ಅಂಕಿಯೇ ಅವರ ಪಾಲಿನ ನಿಜವಾದ ಅಂಕಿ. ಹಸ್ತದ ಗುರುತಿರುವ ಕೆಂಪು ಚಿಹ್ನೆ ಕಂಡರೆ ಆ ಕೇಂದ್ರದ ಮೇಲೆ ದೌರ್ಜನ್ಯಕ್ಕೆ ಸಂಬಂಧಿಸಿದ ಉಲ್ಲಂಘನೆ ದಾಖಲಾಗಿದೆ ಎಂದರ್ಥ. ಅಲ್ಲಿಗೆ ಮೊದಲ ಕೆಲಸಕ್ಕೆ ಹೋಗುವುದು ಬೇಡ.

ಆಸ್ಪತ್ರೆ

ಆಸ್ಪತ್ರೆಗಳಲ್ಲಿ ಇದೇ ಹುದ್ದೆಗೆ ಪೇಷೆಂಟ್ ಕೇರ್ ಟೆಕ್ನಿಷಿಯನ್, ನರ್ಸಿಂಗ್ ಟೆಕ್ ಮುಂತಾದ ಹೆಸರುಗಳಿವೆ. ಮೈ ತೊಳೆಸುವ, ಮಗ್ಗುಲು ಬದಲಿಸುವ ಕೆಲಸ ಇಲ್ಲಿಯೂ ಇದೆ. ಅದರ ಜೊತೆಗೆ ನಾಲ್ಕು ಗಂಟೆಗೊಮ್ಮೆ ರಕ್ತದೊತ್ತಡ, ಉಸಿರಾಟ, ಆಮ್ಲಜನಕದ ಮಟ್ಟ ನೋಡುವುದು, ಬೆರಳಿನಿಂದ ರಕ್ತದ ಸಕ್ಕರೆ ಪರೀಕ್ಷಿಸುವುದು, ಕೆಲವು ಕಡೆ ತರಬೇತಿ ಕೊಟ್ಟ ಮೇಲೆ ಇಸಿಜಿ ತೆಗೆಯುವುದು, ರಕ್ತದ ಮಾದರಿ ಸಂಗ್ರಹಿಸುವುದು ಸೇರುತ್ತವೆ. ನರ್ಸಿಂಗ್ ವಿದ್ಯಾರ್ಥಿಗೆ ದೊಡ್ಡ ಲಾಭವೆಂದರೆ ಸುತ್ತಲೂ ನರ್ಸ್‌ಗಳಿರುವುದು. ಅವರು ಪಾಳಿ ಬದಲಾವಣೆಯಲ್ಲಿ ರೋಗಿಯ ವಿವರವನ್ನು ಹೇಗೆ ಒಪ್ಪಿಸುತ್ತಾರೆ, ವೈದ್ಯರಿಗೆ ಕರೆ ಮಾಡುವಾಗ ಯಾವುದನ್ನು ಮೊದಲು ಹೇಳುತ್ತಾರೆ, ಆರು ರೋಗಿಗಳಲ್ಲಿ ಯಾರ ಬಳಿಗೆ ಮೊದಲು ಹೋಗುತ್ತಾರೆ ಎಂಬುದನ್ನು ದಿನವೂ ಕಾಣಬಹುದು. ಓದು ಮುಗಿದ ಮೇಲೆ ಅದೇ ಆಸ್ಪತ್ರೆಯಲ್ಲಿ ನರ್ಸ್ ಹುದ್ದೆಗೆ ಅರ್ಜಿ ಹಾಕುವಾಗ, ವಾರ್ಡಿನ ಮ್ಯಾನೇಜರಿಗೆ ನಿಮ್ಮ ಕೆಲಸ ಪರಿಚಯವಿರುವುದು ಯಾವ ಶಿಫಾರಸು ಪತ್ರಕ್ಕಿಂತಲೂ ಹೆಚ್ಚಿನ ತೂಕದ್ದು.

ಅಡ್ಡಿಗಳೂ ಇವೆ. ಅನೇಕ ಆಸ್ಪತ್ರೆಗಳು ಆರು ತಿಂಗಳು ಅಥವಾ ಒಂದು ವರ್ಷದ ಅನುಭವ ಕೇಳುತ್ತವೆ. ಆದರೆ ನರ್ಸಿಂಗ್ ಕಾರ್ಯಕ್ರಮಕ್ಕೆ ಸೇರಿ ಮೊದಲ ಸೆಮಿಸ್ಟರ್ ಮುಗಿಸಿದವರಿಗೆ ಈ ಷರತ್ತನ್ನು ಸಡಿಲಿಸುವುದೂ ಉಂಟು, ಆದ್ದರಿಂದ ಜಾಹೀರಾತಿನ ಸಾಲನ್ನು ನೋಡಿ ಹಿಂಜರಿಯದೆ ನೇಮಕಾತಿ ವಿಭಾಗಕ್ಕೆ ಕರೆ ಮಾಡಬೇಕು. ಪಾಳಿಗಳು ಸಾಮಾನ್ಯವಾಗಿ 12 ಗಂಟೆಯವು. ನಿಮ್ಮ ವಾರ್ಡಿನಲ್ಲಿ ರೋಗಿಗಳು ಕಡಿಮೆಯಾದ ದಿನ ಬೇರೆ ವಾರ್ಡಿಗೆ ಕಳಿಸಬಹುದು, ಅಥವಾ ಗೊಂದಲದಲ್ಲಿರುವ ಒಬ್ಬ ರೋಗಿಯ ಪಕ್ಕ ಇಡೀ ಪಾಳಿ ಕಾವಲು ಕೂರಿಸಬಹುದು. ರೋಗಿಗಳು ಕೆಲವೇ ದಿನಗಳಲ್ಲಿ ಹೊರಟುಹೋಗುವುದರಿಂದ ನರ್ಸಿಂಗ್ ಹೋಮಿನಲ್ಲಿ ಬೆಳೆಯುವ ಆ ಸೂಕ್ಷ್ಮ ಪರಿಚಯ ಇಲ್ಲಿ ಬೆಳೆಯುವುದಿಲ್ಲ.

ವಾರ್ಡಿನ ಆಯ್ಕೆಯ ಬಗ್ಗೆ ಒಂದು ಮಾತು. ಮೊದಲ ಕೆಲಸಕ್ಕೆ ಎಲ್ಲರೂ ತೀವ್ರ ನಿಗಾ ಘಟಕವನ್ನೋ ತುರ್ತು ವಿಭಾಗವನ್ನೋ ಬಯಸುತ್ತಾರೆ. ತೀವ್ರ ನಿಗಾ ಘಟಕದಲ್ಲಿ ಸಿಎನ್‌ಎಗಳ ಸಂಖ್ಯೆ ಕಡಿಮೆ, ರೋಗಿಯ ಹೆಚ್ಚಿನ ಆರೈಕೆಯನ್ನು ನರ್ಸ್‌ಗಳೇ ಮಾಡುತ್ತಾರೆ, ಸಹಾಯಕರು ಸಾಮಗ್ರಿ ತುಂಬಿಸುತ್ತಾ ಮಗ್ಗುಲು ಬದಲಿಸಲು ಕೈಜೋಡಿಸುತ್ತಾ ಓಡಾಡುತ್ತಾರೆ. ಕಲಿಯುವ ಆಸೆಯಿದ್ದರೆ ಸಾಮಾನ್ಯ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಯವರಿರುವ ಮೆಡಿಕಲ್-ಸರ್ಜಿಕಲ್ ಅಥವಾ ಹೃದಯ ಬಡಿತವನ್ನು ಸದಾ ಗಮನಿಸುವ ಟೆಲಿಮೆಟ್ರಿ ವಾರ್ಡೇ ಉತ್ತಮ. ನರ್ಸಿಂಗ್ ಓದಿನ ಮೊದಲ ವರ್ಷದ ಕಾಯಿಲೆಗಳೆಲ್ಲ, ಅಂದರೆ ಹೃದಯ ವೈಫಲ್ಯ, ಮಧುಮೇಹ, ನ್ಯುಮೋನಿಯಾ, ಶಸ್ತ್ರಚಿಕಿತ್ಸೆಯ ನಂತರದ ಆರೈಕೆ, ಅಲ್ಲಿ ಎದುರಾಗುತ್ತವೆ. ಈ ವಾರ್ಡುಗಳು ದಣಿಸುತ್ತವೆ ನಿಜ, ಆದರೆ ದಣಿವಿಗೆ ತಕ್ಕ ಪ್ರತಿಫಲ ಇದೆ.

ನರ್ಸಿಂಗ್ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿ ದುಡಿಯುವಾಗ ಒಂದು ಗೆರೆಯನ್ನು ದಾಟಬಾರದು. ಕಾಲೇಜಿನ ಕ್ಲಿನಿಕಲ್‌ನಲ್ಲಿ, ಅಂದರೆ ರೋಗಿಗಳ ನಡುವೆ ನಡೆಯುವ ಪ್ರಾಯೋಗಿಕ ತರಗತಿಯಲ್ಲಿ, ಬೋಧಕರ ಎದುರು ಇಂಜೆಕ್ಷನ್ ಕೊಟ್ಟಿರಬಹುದು, ಕ್ಯಾಥೆಟರ್ ಹಾಕಿರಬಹುದು. ಸಂಬಳದ ಪಾಳಿಯಲ್ಲಿ ನೀವು ವಿದ್ಯಾರ್ಥಿಯಲ್ಲ, ಸಿಎನ್‌ಎ. ನೀನು ಕಲಿತಿದ್ದೀಯಲ್ಲ, ಸ್ವಲ್ಪ ಈ ಮಾತ್ರೆ ಕೊಟ್ಟುಬಿಡು ಎಂದು ಅವಸರದಲ್ಲಿರುವ ನರ್ಸ್ ಪ್ರೀತಿಯಿಂದಲೇ ಕೇಳಿದರೂ ಒಪ್ಪಬಾರದು. ಅದು ಹುದ್ದೆಯ ವ್ಯಾಪ್ತಿಯನ್ನು ಮೀರಿದ ಕೆಲಸ, ಮುಂದೆ ಪಡೆಯಬೇಕಾದ ನರ್ಸಿಂಗ್ ಪರವಾನಗಿಗೇ ಅದು ಕುತ್ತು ತರಬಹುದು. ಹೀಗೆ ಕೇಳುವುದು ವಾಡಿಕೆಯಾಗಿರುವ ವಾರ್ಡಿನಿಂದ ಬೇಗ ಹೊರಬರುವುದೇ ಕ್ಷೇಮ.

ಅಸಿಸ್ಟೆಡ್ ಲಿವಿಂಗ್, ಮನೆ ಆರೈಕೆ, ಹಾಸ್ಪಿಸ್

ಅಸಿಸ್ಟೆಡ್ ಲಿವಿಂಗ್ ಕೇಂದ್ರಗಳಲ್ಲಿ ಇರುವವರು ಬಹುಮಟ್ಟಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರು. ಎತ್ತುವ ಕೆಲಸ ಕಡಿಮೆ, ಬೆನ್ನಿಗೆ ನೆಮ್ಮದಿ. ವೈದ್ಯಕೀಯ ಕಲಿಕೆಯೂ ಅಷ್ಟೇ ಕಡಿಮೆ. ಇವುಗಳ ಮೇಲೆ ನರ್ಸಿಂಗ್ ಹೋಮುಗಳಿಗಿರುವಂತಹ ಫೆಡರಲ್ ನಿಯಂತ್ರಣವಿಲ್ಲ, ರಾಜ್ಯಗಳ ನಿಯಮಗಳೇ ಆಧಾರ, ಕೇರ್ ಕಂಪೇರ್‌ನಲ್ಲಿ ನಕ್ಷತ್ರಗಳೂ ಸಿಗುವುದಿಲ್ಲ. ಕಠಿಣವಾದ ವಿಜ್ಞಾನದ ಕೋರ್ಸ್ ನಡೆಯುತ್ತಿರುವ ಸೆಮಿಸ್ಟರಿಗೆ ಇದೊಂದು ಒಪ್ಪಬಹುದಾದ ಆಯ್ಕೆ.

ಮನೆ ಆರೈಕೆಯಲ್ಲಿ ಸಮಯದ ಸ್ವಾತಂತ್ರ್ಯ ಎಲ್ಲಕ್ಕಿಂತ ಹೆಚ್ಚು. ತರಗತಿಗಳ ನಡುವೆ ಮೂರು ಗಂಟೆ ಬಿಡುವಿದ್ದರೂ ಒಂದು ಮನೆಗೆ ಹೋಗಿಬರಬಹುದು, ಒಂದೇ ಹೊತ್ತಿಗೆ ಒಬ್ಬರೇ ವ್ಯಕ್ತಿ, ಅವಸರವಿಲ್ಲದ ಆರೈಕೆ. ಇದನ್ನೇ ಮೊದಲ ಕೆಲಸವಾಗಿ ಆರಿಸಿಕೊಳ್ಳಬಾರದೆಂದು ನಾನು ಹೇಳುವುದಕ್ಕೆ ಕಾರಣವೂ ಆ ಏಕಾಂತವೇ. ಮೆಡಿಕೇರ್‌ನ ನಿಯಮದಂತೆ ನರ್ಸ್ ಅಥವಾ ಥೆರಪಿಸ್ಟರಿಂದ ನುರಿತ ಆರೈಕೆ ಪಡೆಯುವ ರೋಗಿಗೆ ಸಂಬಂಧಿಸಿದಂತೆ ಏಡ್‌ಗಳ ಕೆಲಸವನ್ನು ನರ್ಸ್ ಅಥವಾ ಥೆರಪಿಸ್ಟ್ ಪರಿಶೀಲಿಸಬೇಕಾದದ್ದು 14 ದಿನಕ್ಕೊಮ್ಮೆ. ಉಳಿದ ದಿನಗಳಲ್ಲಿ ವೃದ್ಧರು ಸ್ನಾನದ ಕೋಣೆಯಲ್ಲಿ ಜಾರಿಬಿದ್ದರೆ, ಉಸಿರಾಟ ಬದಲಾದರೆ, ಮನೆಯಲ್ಲಿರುವವರು ನೀವೊಬ್ಬರೇ. ಯಾವುದು ಸಹಜ, ಯಾವುದು ಅಪಾಯ ಎಂಬ ಅಂದಾಜು ಬರುವ ಮುನ್ನ ಅಷ್ಟು ಹೊಣೆಯನ್ನು ಹೊರುವುದು ವಿದ್ಯಾರ್ಥಿಗೂ ನ್ಯಾಯವಲ್ಲ, ರೋಗಿಗೂ ನ್ಯಾಯವಲ್ಲ. ಒಂದು ವರ್ಷ ಬೇರೆ ಕಡೆ ದುಡಿದ ಮೇಲೆ ಇದೇ ಕೆಲಸ ಓದಿನ ಜೊತೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ಆಗಲೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಸಮಯಕ್ಕೆ ಸಂಬಳವಿದೆಯೇ, ಪೆಟ್ರೋಲಿನ ಖರ್ಚು ಯಾರದು, ರೋಗಿ ಆಸ್ಪತ್ರೆಗೆ ಸೇರಿದರೆ ನಿಮ್ಮ ಗಂಟೆಗಳ ಗತಿಯೇನು ಎಂಬುದನ್ನು ಲಿಖಿತವಾಗಿ ಕೇಳಿಕೊಳ್ಳಬೇಕು.

ಹಾಸ್ಪಿಸ್ ಎಂದರೆ ಗುಣವಾಗದ ಕಾಯಿಲೆಯವರ ಕೊನೆಯ ದಿನಗಳ ಆರೈಕೆ. ಇದನ್ನು ಮಾಡಿದವರು ಉತ್ತಮ ನರ್ಸ್‌ಗಳಾಗುತ್ತಾರೆಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೆ ಪರೀಕ್ಷೆಯ ವಾರದಲ್ಲಿ ತಾನು ಆರೈಕೆ ಮಾಡಿದವರ ಸಾವನ್ನು ತುಂಬಿಕೊಂಡ ಮನಸ್ಸಿನಿಂದ ಓದುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಇನ್ನು ದಿನಕ್ಕೊಂದು ಕಡೆ ಕಳಿಸುವ ಸ್ಟಾಫಿಂಗ್ ಏಜೆನ್ಸಿಗಳು ಹೆಚ್ಚು ಸಂಬಳ ಕೊಡುತ್ತವೆ. ಕಲಿಸುವವರು ಅಲ್ಲಿ ಯಾರೂ ಇಲ್ಲ, ಅನುಭವಸ್ಥರಿಗಷ್ಟೇ ಅದು ಸೂಕ್ತ.

ವೇಳಾಪಟ್ಟಿಯ ಲೆಕ್ಕ

ವಿದ್ಯಾರ್ಥಿಗಳು ಸೋಲುವುದು ಹೆಚ್ಚಾಗಿ ಇಲ್ಲಿ. ವಾರಕ್ಕೆ 24 ಗಂಟೆ ದುಡಿಯಬೇಕೆಂದು ಇಟ್ಟುಕೊಳ್ಳೋಣ. ಆಸ್ಪತ್ರೆಯಲ್ಲಾದರೆ ಅದು 12 ಗಂಟೆಯ ಎರಡು ಪಾಳಿ, ನರ್ಸಿಂಗ್ ಹೋಮಿನಲ್ಲಾದರೆ ಎಂಟು ಗಂಟೆಯ ಮೂರು. ಪಾಳಿ ಒಪ್ಪಿಸುವ ಸಮಯ, ಪ್ರಯಾಣ ಸೇರಿದರೆ 12 ಗಂಟೆಯ ಪಾಳಿ 14 ಗಂಟೆಯಾಗುತ್ತದೆ, ಆ ದಿನ ಪುಸ್ತಕ ತೆರೆಯುವ ಮಾತೇ ಇಲ್ಲ. ಆದರೆ ಉಳಿದ ಐದು ದಿನ ಪೂರ್ಣವಾಗಿ ನಿಮ್ಮದು. ಸಂಜೆ 3ರಿಂದ 11ರ ಮೂರು ಪಾಳಿಗಳು ಮೂರು ಸಂಜೆಗಳನ್ನು ತಿನ್ನುತ್ತವೆ, ಮನೆ ಸೇರುವಾಗ ನಡುರಾತ್ರಿ, ಮರುದಿನ ಎಂಟಕ್ಕೆ ತರಗತಿ. ವಾರವಿಡೀ ತರಗತಿಗಳಿರುವ ಪೂರ್ವಸಿದ್ಧತೆಯ ಹಂತದಲ್ಲಿ ಶನಿವಾರ, ಭಾನುವಾರದ ಹಗಲಿನ ಎಂಟು ಗಂಟೆಯ ಪಾಳಿಗಳು ಚೆನ್ನ; ತರಗತಿಗಳು ಎರಡು ಮೂರು ದಿನಕ್ಕೆ ಒಟ್ಟುಗೂಡುವ ನರ್ಸಿಂಗ್ ಕಾರ್ಯಕ್ರಮದಲ್ಲಿ ಒಂದು 12 ಗಂಟೆಯ ಪಾಳಿ, ಅಪರೂಪಕ್ಕೆ ಎರಡು. ಸೆಮಿಸ್ಟರ್ ನಡೆಯುವಾಗ 16ರಿಂದ 20 ಗಂಟೆಯಾಚೆಗೆ ಹೋಗದಿರುವುದು ಒಳ್ಳೆಯದೆಂಬುದು ನನ್ನ ಸಲಹೆ. ಉಳಿದದ್ದನ್ನು ರಜೆಯಲ್ಲಿ ತುಂಬಿಕೊಳ್ಳಬಹುದು.

ರಾತ್ರಿ ಪಾಳಿಯ ಬಗ್ಗೆ ಒಂದು ಭ್ರಮೆಯಿದೆ: ರಾತ್ರಿ ಕೆಲಸ ಕಡಿಮೆ, ಕೂತು ಓದಿಕೊಳ್ಳಬಹುದು ಎಂದು. ರಾತ್ರಿ ಸಿಬ್ಬಂದಿಯೂ ಕಡಿಮೆ ಎಂಬುದನ್ನು ಮರೆಯಬಾರದು. ಪಾಳಿ ಮುಗಿಯುವುದು ಬೆಳಗ್ಗೆ 7ಕ್ಕೋ 7.30ಕ್ಕೋ, ಕಾಲೇಜಿನ ಕ್ಲಿನಿಕಲ್ ಶುರುವಾಗುವುದೂ ಸುಮಾರಿಗೆ ಅದೇ ಹೊತ್ತಿಗೆ. ರಾತ್ರಿ ದುಡಿದು ನೇರವಾಗಿ ಕ್ಲಿನಿಕಲ್‌ಗೆ ಹೋಗುವುದನ್ನು ಅನೇಕ ಕಾಲೇಜುಗಳು ಸ್ಪಷ್ಟವಾಗಿ ನಿಷೇಧಿಸುತ್ತವೆ, ನಿಷೇಧಿಸದ ಕಡೆಯೂ ಅದನ್ನು ಮಾಡಬಾರದು. ನಿದ್ದೆಗೆಟ್ಟ ಕೈಯಲ್ಲಿ ಔಷಧದ ಅಳತೆಯೂ ಕಾರಿನ ಸ್ಟಿಯರಿಂಗೂ ಒಂದೇ ಬಗೆಯ ಅಪಾಯ.

ಪಿಆರ್‌ಎನ್ ಎಂದು ಕರೆಯುವ, ಬೇಕಾದಾಗ ಪಾಳಿ ಆರಿಸಿಕೊಳ್ಳುವ ಹುದ್ದೆಗಳು ಓದುವವರಿಗೆ ತುಂಬ ಅನುಕೂಲ. ಗಂಟೆಯ ಸಂಬಳ ತುಸು ಹೆಚ್ಚು, ಆರೋಗ್ಯ ವಿಮೆ, ರಜೆಗಳು ಇರುವುದಿಲ್ಲ. ತಿಂಗಳಿಗೆ ಇಷ್ಟು ಪಾಳಿ, ವಾರಾಂತ್ಯ ಇಷ್ಟು, ವರ್ಷಕ್ಕೆ ಇಷ್ಟು ಹಬ್ಬದ ದಿನ ಎಂಬ ಕನಿಷ್ಠ ಷರತ್ತು ಮಾತ್ರ ಇರುತ್ತದೆ. ಒಂದೇ ಆತಂಕವೆಂದರೆ ಹೊಸಬರು ಆರಂಭದಲ್ಲೇ ಪಿಆರ್‌ಎನ್ ಆದರೆ ತಿಂಗಳಿಗೆ ಎರಡು ಮೂರು ಸಲವಷ್ಟೇ ಕೆಲಸ ಮಾಡಿ ಕಲಿತದ್ದು ಕೈಗೆ ಹತ್ತುವುದಿಲ್ಲ. ಬೇಸಿಗೆ ರಜೆಯಲ್ಲಿ ಪೂರ್ಣಾವಧಿ ಸೇರಿ, ಕೆಲಸ ಕೈಗೆ ಹತ್ತಿದ ಮೇಲೆ ಸೆಮಿಸ್ಟರ್ ಆರಂಭದಲ್ಲಿ ಪಿಆರ್‌ಎನ್‌ಗೆ ಬದಲಿಸಿಕೊಳ್ಳುವುದು ನನಗೆ ತಿಳಿದಂತೆ ಎಲ್ಲಕ್ಕಿಂತ ಒಳ್ಳೆಯ ಕ್ರಮ.

ಹಣ, ಕರಾರು, ಬೆನ್ನು

ಸೇರಿದ್ದಕ್ಕಾಗಿ ಕೊಡುವ ಬೋನಸ್ ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತದೆ, ಒಪ್ಪಿದ ಅವಧಿಗೆ ಮುನ್ನ ಬಿಟ್ಟರೆ ಮರಳಿಸಬೇಕಾಗುತ್ತದೆ. ದೊಡ್ಡ ಬೋನಸ್ ಕಂಡಾಗ, ಹಿಂದಿನವರು ಏಕೆ ಬಿಟ್ಟುಹೋದರು ಎಂದು ಕೇಳಬೇಕು. ಓದಿನ ಖರ್ಚಿಗೆ ಸಹಾಯ ಮಾಡುವ ಯೋಜನೆ ಇದಕ್ಕಿಂತ ಬಹಳ ಬೆಲೆಯುಳ್ಳದ್ದು: ಉದ್ಯೋಗದಾತರು ಹೀಗೆ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ಗಳವರೆಗೆ ಫೆಡರಲ್ ಆದಾಯ ತೆರಿಗೆಯಿಲ್ಲ. ಗಂಟೆಗೆ ಒಂದು ಡಾಲರ್ ಹೆಚ್ಚು ಕೊಡುವ ಕಡೆ ವಾರಕ್ಕೆ 20 ಗಂಟೆಯಂತೆ ವರ್ಷವಿಡೀ ದುಡಿದರೆ ಸಿಗುವ ಹೆಚ್ಚಳ 1,040 ಡಾಲರ್ ಮಾತ್ರ, ಅದಕ್ಕೂ ತೆರಿಗೆಯುಂಟು. ಅರೆಕಾಲಿಕರಿಗೂ ಈ ಸಹಾಯವಿದೆಯೇ, ಸೇರಿದ ಎಷ್ಟು ತಿಂಗಳಿಗೆ ಸಿಗುತ್ತದೆ, ಪದವಿಯ ನಂತರ ಎಷ್ಟು ವರ್ಷ ಅಲ್ಲೇ ದುಡಿಯಬೇಕು ಎಂಬುದನ್ನು ಸಹಿ ಹಾಕುವ ಮುನ್ನ ಓದಿಕೊಳ್ಳಬೇಕು.

ದೇಹದ ವಿಷಯ ಹಣಕ್ಕಿಂತ ಗಂಭೀರ. ಅಮೆರಿಕದಲ್ಲಿ ಸ್ನಾಯು ಮತ್ತು ಕೀಲುಗಳ ಗಾಯಕ್ಕೆ ಹೆಚ್ಚು ತುತ್ತಾಗುವ ವೃತ್ತಿಗಳ ಸಾಲಿನಲ್ಲಿ ನರ್ಸಿಂಗ್ ಅಸಿಸ್ಟೆಂಟ್‌ಗಳಿದ್ದಾರೆ. ರೋಗಿಯನ್ನು ಬರಿಗೈಯಲ್ಲಿ ಎತ್ತುವಾಗ ಒಬ್ಬರ ಪಾಲಿನ ಭಾರ ಅತ್ಯಂತ ಅನುಕೂಲಕರ ಸ್ಥಿತಿಯಲ್ಲೂ 35 ಪೌಂಡ್, ಅಂದರೆ ಸುಮಾರು 16 ಕಿಲೋ ಮೀರಬಾರದೆಂದು ಅಲ್ಲಿನ ಔದ್ಯೋಗಿಕ ಸುರಕ್ಷತಾ ಸಂಶೋಧಕರು ಲೆಕ್ಕ ಹಾಕಿದ್ದಾರೆ; ವಯಸ್ಕರೊಬ್ಬರ ಎರಡು ಕಾಲುಗಳ ಭಾರವೇ ಅದಕ್ಕಿಂತ ಹೆಚ್ಚು. ಆದ್ದರಿಂದ ಪ್ರತಿ ಮಹಡಿಯಲ್ಲಿ ಎಷ್ಟು ಯಾಂತ್ರಿಕ ಲಿಫ್ಟುಗಳಿವೆ, ಅವು ಚಾರ್ಜ್ ಆಗಿ ಸಿದ್ಧವಿರುತ್ತವೆಯೇ, ಇಬ್ಬರು ಸೇರಿ ಬಳಸುವ ನಿಯಮವನ್ನು ನಿಜವಾಗಿ ಪಾಲಿಸುತ್ತಾರೆಯೇ ಎಂಬುದು ಕೆಲಸದ ಸ್ಥಳವನ್ನು ಅಳೆಯುವ ಅತ್ಯಂತ ಪ್ರಾಮಾಣಿಕ ಪ್ರಶ್ನೆ. ರಕ್ತದ ಸಂಪರ್ಕವಿರುವ ಕೆಲಸಕ್ಕೆ ಹೆಪಟೈಟಿಸ್ ಬಿ ಲಸಿಕೆಯನ್ನು ಕೆಲಸ ಆರಂಭಿಸಿದ 10 ಕೆಲಸದ ದಿನಗಳೊಳಗೆ ಉಚಿತವಾಗಿ ಒದಗಿಸುವುದು ಉದ್ಯೋಗದಾತರ ಕರ್ತವ್ಯ. ಅದಕ್ಕೆ ವಿದ್ಯಾರ್ಥಿ ಹಣ ಕೊಡಬೇಕಾಗಿಲ್ಲ.

ಸಂದರ್ಶನಕ್ಕೆ ಹೋದಾಗ

ಸಾಧ್ಯವಾದರೆ ಒಂದು ಪಾಳಿಯಲ್ಲಿ ಕೆಲವು ಗಂಟೆ ಸಿಎನ್‌ಎ ಒಬ್ಬರ ಹಿಂದೆ ಓಡಾಡಿ ನೋಡಲು ಅನುಮತಿ ಕೇಳಿ. ಒಳ್ಳೆಯ ಕೇಂದ್ರಗಳು ಸಂತೋಷದಿಂದ ಒಪ್ಪುತ್ತವೆ. ಅದಾಗದಿದ್ದರೆ ಶನಿವಾರ ಸಂಜೆ ಊಟದ ಹೊತ್ತಿಗೆ ನಿವಾಸಿಗಳನ್ನು ನೋಡಲು ಬಂದವರಂತೆ ಭೇಟಿ ಕೊಟ್ಟರೂ ಸಾಕಷ್ಟು ತಿಳಿಯುತ್ತದೆ: ಕರೆಗಂಟೆಯ ದೀಪ ಹೊತ್ತಿ ಎಷ್ಟು ಹೊತ್ತಿಗೆ ಯಾರಾದರೂ ಒಳಗೆ ಹೋಗುತ್ತಾರೆ, ತಾವೇ ತಿನ್ನಲಾಗದವರ ಪಕ್ಕ ಯಾರಾದರೂ ಕುಳಿತು ಉಣಿಸುತ್ತಿದ್ದಾರೆಯೇ, ನರ್ಸ್‌ಗಳೂ ಸಿಎನ್‌ಎಗಳೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಮಾತನಾಡಿಸುತ್ತಾರೆಯೇ. ನರ್ಸ್ ಎದ್ದುಬಂದು ಸಿಎನ್‌ಎ ಜೊತೆ ಒಬ್ಬರನ್ನು ಮೇಲಕ್ಕೆ ಸರಿಸಿಕೊಡುವುದು ಕಂಡರೆ ಆ ಜಾಗಕ್ಕೆ ಅರ್ಜಿ ಹಾಕಿ.

ಹೊಸಬರಿಗೆ ಜೊತೆಗಾರರೊಂದಿಗೆ ಎಷ್ಟು ಪಾಳಿ ಎಂಬ ಪ್ರಶ್ನೆಗೆ ಒಂದೆರಡು ಎಂಬ ಉತ್ತರ ಬಂದರೆ ಸಾಲದು; ಕನಿಷ್ಠ ಐದಾರು ಪಾಳಿಗಳಾದರೂ ಬೇಕು, ಸಾಕೆನಿಸದಿದ್ದರೆ ಹೆಚ್ಚಿಸಿಕೊಳ್ಳುವ ಅವಕಾಶವೂ ಬೇಕು. ಮುಂದಿನ ಪಾಳಿಯವರು ಬಾರದಿದ್ದರೆ ಉಳಿದುಕೊಳ್ಳಬೇಕೆಂದು ಒತ್ತಾಯಿಸುತ್ತಾರೆಯೇ, ತಿಂಗಳಿಗೆ ಎಷ್ಟು ಸಲ, ಮರುದಿನ ಪರೀಕ್ಷೆ ಇದ್ದರೂ ಅದೇ ನಿಯಮವೇ ಎಂದು ಕೇಳುವುದಕ್ಕೆ ಸಂಕೋಚಪಡಬಾರದು. ರೋಗಿಗಳನ್ನು ಬೇರೆಯವರಿಗೆ ಒಪ್ಪಿಸದೆ ಹೊರಟುಹೋದರೆ ಅದು ಕರ್ತವ್ಯಲೋಪವೆಂದು ದಾಖಲಾಗಬಹುದಾದ್ದರಿಂದ ಈ ವಿಷಯ ಮೊದಲೇ ಸ್ಪಷ್ಟವಿರಬೇಕು. ಈ ಪ್ರಶ್ನೆಗಳನ್ನು ನೇಮಕಾತಿ ಅಧಿಕಾರಿಗಿಂತ ಆ ಮಹಡಿಯಲ್ಲಿ ಈಗ ದುಡಿಯುತ್ತಿರುವವರಿಗೆ ಕೇಳಿದರೆ ನೇರವಾದ ಉತ್ತರ ಸಿಗುತ್ತದೆ.

ಹಾಗಾದರೆ ಯಾರಿಗೆ ಯಾವುದು? ಇನ್ನೂ ಪೂರ್ವಸಿದ್ಧತೆಯ ಕೋರ್ಸುಗಳಲ್ಲಿರುವವರು, ತರಬೇತಿಯ ಖರ್ಚು ಮರಳಿ ಬೇಕೆನ್ನುವವರು, ಜನರ ಮೈ ಮುಟ್ಟಿ ಆರೈಕೆ ಮಾಡುವುದಕ್ಕೆ ಹೊಸಬರಾದವರು, ಸಿಬ್ಬಂದಿಯ ಶ್ರೇಯಾಂಕ ಚೆನ್ನಾಗಿರುವ ನರ್ಸಿಂಗ್ ಹೋಮನ್ನು ಆರಿಸಿಕೊಂಡು ಆರು ತಿಂಗಳಿಂದ ಒಂದು ವರ್ಷ ಅಲ್ಲಿರಲಿ. ನರ್ಸಿಂಗ್ ಕಾರ್ಯಕ್ರಮಕ್ಕೆ ಸೇರಿದವರು, ಮುಖ್ಯವಾಗಿ ಕೊನೆಯ ವರ್ಷ ಹತ್ತಿರವಿರುವವರು, ಆಸ್ಪತ್ರೆಯತ್ತ ನೋಡಲಿ, ಅದರಲ್ಲೂ ಪದವಿಯ ನಂತರ ತಾವು ದುಡಿಯಲು ಬಯಸುವ ಆಸ್ಪತ್ರೆಯತ್ತ. ಸುತ್ತಮುತ್ತ ಒಳ್ಳೆಯ ನರ್ಸಿಂಗ್ ಹೋಮ್ ಇಲ್ಲದ ಊರಿನಲ್ಲಿ, ಕೆಟ್ಟದ್ದಕ್ಕೆ ಸೇರುವ ಬದಲು ಅಸಿಸ್ಟೆಡ್ ಲಿವಿಂಗ್‌ನಲ್ಲಿ ಆರಂಭಿಸಿ ಆಸ್ಪತ್ರೆಗೆ ಅರ್ಜಿ ಹಾಕುತ್ತಿರಬಹುದು.

ಎಲ್ಲೇ ಸೇರಿದರೂ ಸಂಬಳದ ರಸೀದಿಗಳನ್ನು ಜೋಪಾನವಾಗಿಡಿ. ಸತತ 24 ತಿಂಗಳು ಸಂಬಳದ ಆರೈಕೆ ಕೆಲಸವನ್ನೇ ಮಾಡದಿದ್ದರೆ ನರ್ಸಿಂಗ್ ಹೋಮುಗಳಲ್ಲಿ ದುಡಿಯಲು ಮತ್ತೆ ತರಬೇತಿ, ಪರೀಕ್ಷೆ ಬೇಕಾಗುತ್ತದೆ. ಖಾಸಗಿಯಾಗಿ ಒಂದು ಕುಟುಂಬಕ್ಕೆ ದುಡಿದದ್ದು ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ನಿಮ್ಮ ರಾಜ್ಯದ ರಿಜಿಸ್ಟ್ರಿಗೇ ಕೇಳಬೇಕು. ಕ್ಲಿನಿಕಲ್ ವೇಳಾಪಟ್ಟಿ ಕಾಲೇಜಿನಿಂದ ಪ್ರಕಟವಾದ ದಿನವೇ ಅದರ ಪ್ರತಿಯನ್ನು ಮ್ಯಾನೇಜರಿಗೆ ಇಮೇಲ್ ಮಾಡಿ, ಯಾವ ದಿನಗಳಲ್ಲಿ ಬರಲಾಗದು ಎಂಬುದನ್ನು ಬರೆದು, ಒಪ್ಪಿಗೆಯನ್ನೂ ಬರವಣಿಗೆಯಲ್ಲೇ ಪಡೆಯಿರಿ. ಸಂದರ್ಶನದ ದಿನ ಸಿಕ್ಕ ಬಾಯಿಮಾತಿನ ಭರವಸೆ, ಮ್ಯಾನೇಜರ್ ಬದಲಾದ ವಾರವೇ ಇಲ್ಲವಾಗುತ್ತದೆ.